ರೇಡಿಯೇಟರಿನ ದ್ರವ: ಬಸಿಯುವುದೋ, ಇಳಿಸುವುದೋ?

ಬಲ್ಲವರಲ್ಲಿ ಒಂದು ಕೇಳಿಕೆ.

ಕಾರಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬ್ರೇಕು, ಬ್ಯಾಟರಿ, ಟೈರುಗಳ ಅಧ್ಯಾಯಗಳು ಸಲೀಸಾಗಿ ಮುಗಿದವು. ಎಂಜಿನ್ನನ್ನು ತಂಪಾಗಿಡುವ ದ್ರವವನ್ನು ತೆಗೆದು ಹೊಸದು ಹಾಕುವ ಒಂದೂವರೆ ಪುಟದಲ್ಲಿ ಮಾತ್ರ ಮೂರು ದಿನದಿಂದ ಸಿಕ್ಕಿಕೊಂಡಿದ್ದೇನೆ.

ಮೊದಲ ತೊಡಕು ದ್ರವದ ಹೆಸರಿನದೇ. ಆಂಟಿಫ್ರೀಜ್ ಎಂಬುದಕ್ಕೆ ‘ಹೆಪ್ಪುರೋಧಕ’ ಎಂದು ಬರೆದೆ. ಓದಿದ ಗೆಳೆಯರೊಬ್ಬರು, ‘ಇದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧವಲ್ಲವೇ?’ ಎಂದರು. ‘ಘನೀಕರಣರೋಧಕ’ ಎಂದರೆ ಆ ಗೊಂದಲವಿಲ್ಲ, ಆದರೆ ಡಬ್ಬಿಯನ್ನು ಕೈಯಲ್ಲಿ ಹಿಡಿದವರ ನಾಲಿಗೆಗೆ ಅದು ಹೊರಳುವುದಿಲ್ಲ. ಮೇಲಾಗಿ ಎರಡು ಹೆಸರುಗಳೂ ಅದರ ಒಂದು ಕೆಲಸವನ್ನಷ್ಟೇ ಹೇಳುತ್ತವೆ. ಈ ದ್ರವದ ಮುಖ್ಯ ರಾಸಾಯನಿಕವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲು ಬೆರೆಸಿದರೆ ಮಿಶ್ರಣವು ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೂ ಗಟ್ಟಿಯಾಗುವುದಿಲ್ಲ, ನಿಜ. ಆದರೆ ಅದು ಕುದಿಯುವ ಮಟ್ಟವೂ 107ರ ಆಸುಪಾಸಿಗೆ ಏರುತ್ತದೆ, ಜೊತೆಗೆ ಸೇರಿಸಿದ ರಾಸಾಯನಿಕಗಳು ಒಳಗಿನ ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತವೆ. ಕಾಲಕಾಲಕ್ಕೆ ದ್ರವವನ್ನು ಬದಲಿಸುವುದೂ ಮುಖ್ಯವಾಗಿ ಈ ರಾಸಾಯನಿಕಗಳ ಬಲ ಕುಂದುವುದರಿಂದಲೇ. ‘ಶೀತಕ’ ಎನ್ನೋಣವೆಂದರೆ, ಇದೇ ಕೈಪಿಡಿಯಲ್ಲಿ ಎಸಿಯ ಅನಿಲಕ್ಕೆ ಆ ಪದವನ್ನು ಆಗಲೇ ಖರ್ಚು ಮಾಡಿದ್ದೇನೆ. ಹೀಗಾಗಿ ಗ್ಯಾರೇಜಿನವರು ಅನ್ನುವ ‘ಕೂಲಂಟ್’ ಅನ್ನೇ ಉಳಿಸಿಕೊಂಡಿದ್ದೇನೆ. ಅದರ ಬಗ್ಗೆ ನನಗೆ ಸಂಕೋಚವಿಲ್ಲ.

ನನ್ನನ್ನು ಕಾಡುತ್ತಿರುವುದು ಕ್ರಿಯಾಪದ. ಹಳೆಯದನ್ನು ‘ಬಸಿಯಿರಿ’ ಎಂದು ಬರೆದಿದ್ದೆ. ಚಿಕ್ಕ ಪದ, ಬಸಿಗಾಲುವೆಯ ಬೆಂಬಲವೂ ಇದೆ. ಆದರೆ ಬಸಿಯುವಾಗ ಪಾತ್ರೆಯನ್ನು ಓರೆ ಮಾಡುತ್ತೇವೆ, ಬಾಯಿಗೆ ತಟ್ಟೆ ಅಡ್ಡ ಹಿಡಿಯುತ್ತೇವೆ. ಬೇಕಾದದ್ದು ಒಳಗೆ ಉಳಿದು ಮಿಕ್ಕ ನೀರು ಹೊರಗೆ ಹೋಗುತ್ತದೆ. ಬಸಿಗಾಲುವೆಯಲ್ಲೂ ಅಷ್ಟೇ, ಹೊಲ ಉಳಿಯುತ್ತದೆ, ಹೆಚ್ಚಾದ ನೀರು ಹರಿದುಹೋಗುತ್ತದೆ. ರೇಡಿಯೇಟರಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲ. ತಳದ ಬಿರಡೆಯನ್ನು ತಿರುಗಿಸಿದರೆ ದ್ರವ ತಾನಾಗಿ ಇಳಿಯುತ್ತದೆ.

ಈ ‘ಬಿರಡೆ’ಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ. ಸೀಸೆಯ ಬಾಯಿ ಮುಚ್ಚುವುದೂ ಬಿರಡೆ, ವೀಣೆಯ ತಂತಿ ಬಿಗಿಯಲು ತಿರುಗಿಸುವುದೂ ಬಿರಡೆ. ಇಲ್ಲಿನ ಪುಟ್ಟ ಭಾಗವೂ ಮುಚ್ಚುತ್ತದೆ, ತಿರುಗುತ್ತದೆ. ಅದೇ ಹುಮ್ಮಸ್ಸಿನಲ್ಲಿ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿಗೆ ‘ಕೋಡಿತೊಟ್ಟಿ’ ಎಂದು ಹೆಸರಿಟ್ಟು ಒಂದು ಸಂಜೆಯೆಲ್ಲ ಹಿಗ್ಗಿದೆ. ಮರುದಿನ ಹೊಡೆದುಹಾಕಿದೆ. ಕೋಡಿ ಬಿದ್ದ ನೀರು ಕೆರೆಗೆ ಮರಳುವುದಿಲ್ಲ. ಇಲ್ಲಾದರೋ ಬಿಸಿಗೆ ಹಿಗ್ಗಿ ಟ್ಯಾಂಕಿಗೆ ಹೋದ ದ್ರವವನ್ನು ರೇಡಿಯೇಟರ್ ತಣ್ಣಗಾಗುತ್ತಾ ಮತ್ತೆ ಒಳಗೆಳೆದುಕೊಳ್ಳುತ್ತದೆ.

ಕರಡನ್ನು ಪರೀಕ್ಷಿಸಲು ಅದೇ ಗೆಳೆಯರು ಹಾಳೆ ಹಿಡಿದು ತಮ್ಮ ಕಾರಿನ ಮುಂದೆ ನಿಂತರು. ‘ಎಂಜಿನ್ ಆರಿದ ಮೇಲೆ ಮುಚ್ಚಳ ತೆಗೆಯಿರಿ’ ಎಂಬುದನ್ನು ಓದಿ, ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ, ನೇರವಾಗಿ ಮುಚ್ಚಳಕ್ಕೆ ಕೈ ಹಾಕಿದರು! ಕೂಗಿ ತಡೆದೆ. ಬಿಸಿ ಇರುವಾಗ ತೆರೆದರೆ ಒತ್ತಡದಲ್ಲಿರುವ ದ್ರವ ಕುದಿಯುತ್ತಾ ಮುಖಕ್ಕೇ ಚಿಮ್ಮುತ್ತದೆ. ತಪ್ಪು ಅವರದಲ್ಲ. ಬಿಸಿನೀರು ಆರುತ್ತದೆ, ದೀಪವೂ ಆರುತ್ತದೆ. ನಾನು ನೀರಿನ ಆರುವಿಕೆಯನ್ನು ಬರೆದಿದ್ದೆ, ಅವರು ದೀಪದ್ದನ್ನು ಓದಿದರು. ಈಗ ಅಲ್ಲಿ ‘ಪೂರ್ತಿ ತಣ್ಣಗಾದ ಮೇಲೆ’ ಎಂದಿದೆ.

ಎರಡು ಗಂಟೆ ಕಾದು ಮುಂದುವರಿದೆವು. ‘ಮರುತುಂಬಿಸಿ’ ಎಂಬಲ್ಲಿಗೆ ಬಂದಾಗ ಅವರು ಬೋಗುಣಿಯಲ್ಲಿ ಹಿಡಿದಿಟ್ಟಿದ್ದ ಕಂದು ಬಣ್ಣದ ಹಳೆಯ ದ್ರವವನ್ನೇ ಎತ್ತಿಕೊಂಡರು. ‘ಮರು ಎಂದರೆ ಇದ್ದದ್ದನ್ನೇ ಮತ್ತೆ ಎಂದಲ್ಲವೇ?’ ನನ್ನಲ್ಲಿ ಉತ್ತರವಿರಲಿಲ್ಲ. ಬೋಗುಣಿಯನ್ನು ಮುಚ್ಚಿ ಪಕ್ಕಕ್ಕಿಡಿಸಿದೆ. ಗ್ಲೈಕಾಲ್ ಸಿಹಿಯಾದ ವಿಷ, ನಾಯಿ ನೆಕ್ಕಿದರೆ ಉಳಿಯುವುದು ಕಷ್ಟ.

‘ಶುದ್ಧ ನೀರು’ ಎಂದು ಬರೆದದ್ದನ್ನೂ ತಿದ್ದಿದ್ದೇನೆ. ನಮ್ಮ ಕಿವಿಗೆ ಅದು ಕುಡಿಯುವ ನೀರು. ಅದರಲ್ಲಿ ಲವಣಗಳಿರುತ್ತವೆ, ಅವು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕರೆಗಟ್ಟುತ್ತವೆ. ಬೇಕಾದದ್ದು ಬಟ್ಟಿ ಇಳಿಸಿದ ನೀರು.

ಈಗಿನ ವಾಕ್ಯ ಹೀಗಿದೆ: ‘ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ತಳದ ಬಿರಡೆಯನ್ನು ತಿರುಗಿಸಿ, ಹಳೆಯ ಕೂಲಂಟನ್ನು ಅಗಲ ಬಾಯಿಯ ಬೋಗುಣಿಗೆ ಇಳಿಸಿ.’ ಈ ‘ಇಳಿಸಿ’ ಒಪ್ಪುತ್ತದೆಯೇ? ‘ಬಸಿ’ಯ ವಿಷಯದಲ್ಲಿ ನಾನು ಅತಿಯಾಗಿ ಕೊಸರಾಡುತ್ತಿದ್ದೇನೆಯೇ? ನಡುವೆ ಬರಿಯ ನೀರು ತುಂಬಿ, ಎಂಜಿನ್ ಓಡಿಸಿ, ಹೊರಬಿಡುವ ಹಂತಕ್ಕೆ ‘ಗಲಬರಿಸಿ’ ಎಂದರೆ, ಇಡೀ ಕಾರನ್ನೇ ಎತ್ತಿ ಕುಲುಕಬೇಕೇ ಎಂದು ಗೆಳೆಯರು ನಕ್ಕರು. ಒಳಗೆ ಸಿಕ್ಕ ಗಾಳಿಗುಳ್ಳೆಗಳನ್ನು ಹೊರಡಿಸುವುದಕ್ಕೆ ‘ಗಾಳಿ ಬಿಡಿ’ ಎಂದರೆ ಒಳಕ್ಕೋ ಹೊರಕ್ಕೋ ತಿಳಿಯದು, ಆದ್ದರಿಂದ ‘ಗಾಳಿ ತೆಗೆಯಿರಿ’ ಎಂದು ಹಾಕಿದ್ದೇನೆ. ಗಲಬರಿಸುವುದಕ್ಕೆ ಮಾತ್ರ ಇನ್ನೂ ಪದ ಸಿಕ್ಕಿಲ್ಲ.