ಮಂಗನ ಕಾಯಿಲೆ: ಪಿಸಿಆರ್ ನೆಗೆಟಿವ್ ಬಂದರೆ ನಂಬಬಹುದಾ?

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ತೀರ್ಥಹಳ್ಳಿ ತಾಲ್ಲೂಕು): ಸರ್, ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುತ್ತಿದ್ದ ರೋಗಿಗೆ ಜ್ವರ ಬಂದು 12 ದಿನ ಆಗಿದೆ. ಆರ್‌ಟಿ-ಪಿಸಿಆರ್ (ವೈರಸ್‌ನ ಆರ್‌ಎನ್‌ಎ ಹುಡುಕುವ ಪರೀಕ್ಷೆ) ನೆಗೆಟಿವ್. ರಕ್ತ ಹಸಿರು ಮುಚ್ಚಳದ ಟ್ಯೂಬಿನಲ್ಲಿ ಹೋಗಿತ್ತು. ಮಂಗನ ಕಾಯಿಲೆ ಅಲ್ಲ ಅಂತ ಬಿಡಬಹುದಾ?

ಉತ್ತರ: ಬಿಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್‌ನದು ಆರ್‌ಎನ್‌ಎ ಜೀನೋಮ್. ಜ್ವರದ ಮೊದಲ ದಿನಗಳಲ್ಲಿ ಅದು ರಕ್ತದಲ್ಲಿ ಚೆನ್ನಾಗಿ ಸಿಗುತ್ತದೆ, ಆಮೇಲೆ ಇಳಿಯುತ್ತದೆ. ಹಾಗಾಗಿ ನಿಮ್ಮ ರೋಗಿಗೆ ಈಗ ಐಜಿಎಂ ಎಲೈಸಾ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಹುಡುಕುವ ಪರೀಕ್ಷೆ, ಆಗಲೇಬೇಕು.

ಇನ್ನು ಟ್ಯೂಬಿನ ವಿಷಯ. ಹಸಿರು ಮುಚ್ಚಳದ ಟ್ಯೂಬಿನಲ್ಲಿರುವುದು ಹೆಪಾರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು. ಆರ್‌ಎನ್‌ಎ ಬೇರ್ಪಡಿಸಿದ ಮೇಲೂ ಅದು ಉಳಿದುಕೊಂಡು ಪಿಸಿಆರ್ ಕಿಣ್ವವನ್ನೇ ತಡೆಯುತ್ತದೆ. ಪಿಸಿಆರ್‌ಗೆ ನೇರಳೆ ಮುಚ್ಚಳದ ಟ್ಯೂಬ್ ಬಳಸಿ, ಅದರಲ್ಲಿ ಹೆಪ್ಪುಗಟ್ಟದಂತೆ ತಡೆಯುವುದು ಇಡಿಟಿಎ. ಮೆಲ್ಲಗೆ ಮಗುಚಿ, ಜೋರಾಗಿ ಅಲುಗಿಸಬೇಡಿ. ರಕ್ತಕಣ ಒಡೆದರೆ ಹಿಮೋಗ್ಲೋಬಿನ್ ಕೂಡ ಅದೇ ತೊಂದರೆ ಕೊಡುತ್ತದೆ. 2ರಿಂದ 8 ಡಿಗ್ರಿಯಲ್ಲಿ, ಐಸ್ ಪ್ಯಾಕ್ ಟ್ಯೂಬಿಗೆ ನೇರ ತಾಗದಂತೆ ಸುತ್ತಿ ಕಳಿಸಿ. ಇಡೀ ರಕ್ತವನ್ನು ಫ್ರೀಜರಿಗೆ ಹಾಕಲೇಬಾರದು.

ವರದಿಯಲ್ಲಿ ಇಂಟರ್ನಲ್ ಕಂಟ್ರೋಲ್ (ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತೋರಿಸುವ ಗುರುತು) ಏನಾಗಿದೆ ಅಂತ ಕೇಳಿ. ಮನುಷ್ಯನ ಜೀನಿನ ಗೆರೆಯೇ ಏರಿಲ್ಲ ಅಂದರೆ ಅದು ನೆಗೆಟಿವ್ ಅಲ್ಲ, ಅಮಾನ್ಯ.

ಪ್ರಶ್ನೆ (ಸಾಗರ): ಚಿನ್ನದ ನ್ಯಾನೊ ಕಣದ ದ್ರಾವಣ ಬಣ್ಣ ಬದಲಿಸಿದರೆ ಪಾಸಿಟಿವ್ ಅಂತೆ. ಪಿಎಚ್‌ಸಿಯಲ್ಲೇ ಮಾಡಬಹುದಲ್ವಾ ಸರ್?

ಉತ್ತರ: ತತ್ವ ನಿಜ ಮೇಡಂ. 13 ನ್ಯಾನೊಮೀಟರ್ ಕಣಗಳು ಚದುರಿದ್ದಾಗ ದ್ರಾವಣ ಕೆಂಪು, ಗುಂಪುಗೂಡಿದರೆ ನೇರಳೆ-ನೀಲಿ. ಕಣಗಳಿಗೆ ಅಂಟಿಸಿದ ಡಿಎನ್‌ಎ ಎಳೆಗಳು ವೈರಸ್‌ನ ಎಳೆಗೆ ಕೂಡಿಕೊಂಡಾಗ ಕಣಗಳು ಹತ್ತಿರ ಬರುತ್ತವೆ. ಆದರೆ ಬರೀ ಉಪ್ಪು ತಾಗಿದರೂ ರಕ್ಷಣೆಯಿಲ್ಲದ ಕಣ ಗುಂಪುಗೂಡುತ್ತದೆ. ವೈರಸ್ ಇಲ್ಲದೆಯೂ ನೀಲಿ! ಅದಕ್ಕೇ ತುದಿಯಲ್ಲಿ ಥಯಾಲ್ (ಚಿನ್ನಕ್ಕೆ ಗಟ್ಟಿಯಾಗಿ ಅಂಟುವ ಗಂಧಕದ ಗುಂಪು) ಇರುವ ಡಿಎನ್‌ಎ ಹೊದಿಸಿ, ಉಪ್ಪನ್ನು ಒಂದೇ ಸಲ ಸುರಿಯದೆ ಹಂತಹಂತವಾಗಿ, ಗಂಟೆಗಟ್ಟಲೆ ಬಿಟ್ಟು ಏರಿಸುತ್ತಾರೆ.

ಅದಕ್ಕಿಂತ ದೊಡ್ಡ ಅಡ್ಡಿ ಪ್ರಮಾಣದ್ದು. ರಕ್ತದಲ್ಲಿನ ವೈರಸ್ ಆರ್‌ಎನ್‌ಎ ಕಣ್ಣಿಗೆ ಕಾಣುವ ಬಣ್ಣ ಬದಲಿಸುವಷ್ಟಿರುವುದಿಲ್ಲ, ಮೊದಲು ಅದನ್ನು ವರ್ಧಿಸಲೇಬೇಕು, ಅಂದರೆ ನಕಲು ಮಾಡಿ ಹೆಚ್ಚಿಸಬೇಕು. ಹಾಗೆ ನಕಲು ಮಾಡುವ ಆರ್‌ಟಿ-ಲ್ಯಾಂಪ್ ವಿಧಾನ ಆದರೆ 60ರಿಂದ 65 ಡಿಗ್ರಿಯ ಒಂದೇ ಬಿಸಿ ಸಾಕು, ಒಂದು ಗಂಟೆಯೊಳಗೆ ಮುಗಿಯುತ್ತದೆ. ಕಣ ಬೆರೆಸಲು ಆಮೇಲೆ ಮುಚ್ಚಳ ತೆರೆದಿರೋ, ವರ್ಧಿತ ಡಿಎನ್‌ಎ ಗಾಳಿಗೆ ಹಾರಿ ಮುಂದಿನ ರೋಗಿಗಳ ಫಲಿತಾಂಶ ಸುಳ್ಳು ಪಾಸಿಟಿವ್ ಆಗಬಹುದು. ಮುಚ್ಚಿದ ಟ್ಯೂಬಿನಲ್ಲೇ ಬಣ್ಣ ತೋರಿಸುವ ಕಿಟ್ ಇರಲಿ, ಪ್ರತಿ ಸಲ ಬರೀ ನೀರಿನ ಕಂಟ್ರೋಲ್ (ಮಾದರಿ ಬದಲು ನೀರು ಹಾಕಿದ ಟ್ಯೂಬ್) ಇಡಿ. ಅದರ ಬಣ್ಣ ತಿರುಗಿದರೆ ಆ ಸರದಿಯ ಒಂದು ಫಲಿತಾಂಶವನ್ನೂ ಕೊಡಬೇಡಿ.