ತುರ್ತು: ಲಾರಿಯ 'ಸೈಡ್ ಸ್ಕರ್ಟ್', 'ರೂಫ್ ಡಿಫ್ಲೆಕ್ಟರ್'ಗೆ ಪದ ಬೇಕು, ಬೋರ್ಡ್ ಬರೆಸಬೇಕು

ಗುರುವಾರ ರಾತ್ರಿ, ತುಮಕೂರಿನಿಂದ

ಬಳಗದ ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಗ್ಗೆ ಪೇಂಟರ್ ಬರುತ್ತಾನೆ. ಅಷ್ಟರೊಳಗೆ ಬೇಕು.

ಶಿರಾ ಗೇಟ್ ಕಡೆ ನಮ್ಮ ಭಾವನವರ ಶೆಡ್ಡಿದೆ, ಲಾರಿಗೆ ಬಾಡಿ ಕಟ್ಟುತ್ತಾರೆ. ಈಗ ಗಾಳಿಯ ಹೊಡೆತ ತಗ್ಗಿಸಿ ಡೀಸೆಲ್ ಉಳಿಸುವ ಸಾಮಾನು, ಅಪಘಾತದಲ್ಲಿ ಜೀವ ಉಳಿಸುವ ಸಾಮಾನು, ಎರಡನ್ನೂ ಕೂರಿಸಿಕೊಡಲು ಹೊರಟಿದ್ದಾರೆ. ಇಂಗ್ಲಿಷ್ ಕರಪತ್ರ ನನ್ನ ಕೈಗಿಟ್ಟು 'ಡ್ರೈವರ್ ಓದಿದರೆ ತಿಳೀಬೇಕು, ಅಂಥ ಕನ್ನಡ ಮಾಡು' ಅಂದಿದ್ದಾರೆ.

ಕ್ಯಾಬಿನ್ ನೆತ್ತಿಯ ಮೇಲೆ ಓರೆಯಾಗಿ ಕೂರುವ ಫೈಬರ್ ಹಲಗೆ ಒಂದು, ರೂಫ್ ಡಿಫ್ಲೆಕ್ಟರ್. ಕ್ಯಾಬಿನ್‌ಗಿಂತ ಎತ್ತರವಾದ ಬಾಡಿಯ ಎದೆಗೆ ಗಾಳಿ ನೇರ ಬಡಿಯದಂತೆ ಅದನ್ನು ಮೇಲಕ್ಕೆ ಹತ್ತಿಸಿ ದಾಟಿಸುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಚಾಸಿ ಪಕ್ಕದಲ್ಲಿ ಇಳಿಬಿಡುವ ತಗಡು ಸೈಡ್ ಸ್ಕರ್ಟ್. ಗಾಳಿ ಅಡಿಗೆ ನುಗ್ಗಿ ಆಕ್ಸಲ್ಲು, ಸ್ಟೆಪ್ನಿಗೆಲ್ಲ ಹೊಡೆಯುವುದನ್ನು ತಪ್ಪಿಸುತ್ತದೆ. ಇನ್ನೊಂದು, ಹಿಂದಿನಿಂದ ಬಂದ ಕಾರು ಲಾರಿಯ ಅಡಿಗೆ ತೂರಿಕೊಳ್ಳದಂತೆ ತಡೆಯುವ ಕಬ್ಬಿಣದ ಅಡ್ಡಪಟ್ಟಿ. ಕೊನೆಗೆ, ಓಡುವ ಗಾಡಿಗೆ ಗಾಳಿ ಒಡ್ಡುವ ಅಡ್ಡಿ ಇದೆಯಲ್ಲ, ಆ 'ಡ್ರ್ಯಾಗ್' ಎನ್ನುವುದಕ್ಕೇ ಒಂದು ಪದ.

ಸ್ಕರ್ಟ್ ತಾನೇ ಅಂತ ನಾನು 'ಪಕ್ಕದ ಲಂಗ' ಅಂತ ಬರೆದು ತೋರಿಸಿದೆ. ಶೆಡ್ಡಿನ ಹುಡುಗರು ಎರಡು ದಿನದಿಂದ ಕೆಲಸ ಬಿಟ್ಟು ನಗುತ್ತಿದ್ದಾರೆ.

—

ಶುಕ್ರವಾರ ಬೆಳಗ್ಗೆ, ತಿಪಟೂರಿನಿಂದ

ಲಂಗ ಬೇಡ, ಸೆರಗು ಇದೆಯಲ್ಲ! ಹಳಗನ್ನಡದಲ್ಲಿ ಶಕಟರೇಫದ, ಅಂದರೆ ಈಗ ಬಳಕೆ ತಪ್ಪಿದ ಱ ಅಕ್ಷರದ, ಸೆಱಗು. ಬಟ್ಟೆಯ ಅಂಚು, ಅಂಚಿನಿಂದ ಇಳಿಬಿದ್ದದ್ದು. ತಾವು ವರ್ಣಿಸಿದ ತಗಡಿಗೆ ಹೇಳಿ ಮಾಡಿಸಿದ ಪದ. ತಮಿಳಿನಲ್ಲಿ ಸಿಱಗು ಎಂದರೆ ರೆಕ್ಕೆ. ಎರಡೂ ಒಂದೇ ಬೇರಿನವು ಎಂಬುದು ನನ್ನ ಬಹುಕಾಲದ ನಂಬಿಕೆ. ಪಕ್ಕದಲ್ಲಿರುವುದೇ ರೆಕ್ಕೆ, ಪಕ್ಕದಲ್ಲಿ ಇಳಿಯುವುದೇ ಸೆರಗು. ಲಾರಿಗೂ ಅದು ಪಕ್ಕದಲ್ಲೇ ಇರುವುದು.

ಡ್ರ್ಯಾಗ್‌ಗೆ 'ವಾಯುರೋಧ' ಎನ್ನಿ, ಇಲ್ಲವೇ 'ಗಾಳಿತಡೆ' ಎನ್ನಿ. ದಯವಿಟ್ಟು 'ವಾಯುತಡೆ' ಎಂದು ಬರೆಸಬೇಡಿ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ ಅದು, ಸಲ್ಲದು. ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ವಿನಾಯಿತಿ ಕೊಟ್ಟಿದ್ದಾನೆ, ಲಾರಿ ಶೆಡ್ಡಿಗೆ ಕೊಟ್ಟಿಲ್ಲ.

—

ಶುಕ್ರವಾರ, ಬೆಂಗಳೂರಿನಿಂದ

'ವಾಯುರೋದ' ಯಾರ ಬಾಯಲ್ಲೂ ಇಲ್ಲ. ಮಂದಿ ಆಡುವುದು ಗಾಳಿ. ನಮಗೆ ಬೇಕಿರುವುದು ಕಟ್ಟುಪದ: ಗಾಳಿಯೆಳೆತ, ಗಾಳಿತಿರುಪು, ಬದಿಸೆರಗು, ಹಿಂತಡೆ. ಕನ್ನಡದ್ದೇ ಬೇರು, ಕನ್ನಡದ್ದೇ ಒಟ್ಟು. ಸಂಸ್ಕ್ರುತವನ್ನು ಎರವಲು ತರುವುದು ಬಾಶೆಗೆ ಹೊರೆ.

ಸಿಱಗು–ಸೆರಗು ನಂಟನ್ನು ಒಪ್ಪಲಾರೆ. ರೆಕ್ಕೆಗೆ ಕನ್ನಡದಲ್ಲೇ ಎಱಕೆ ಇದೆ. ದನಿ ಹೋಲಿದ ಮಾತ್ರಕ್ಕೆ ನೆಂಟರಾಗುವುದಿಲ್ಲ.

—

ಶುಕ್ರವಾರ ಸಂಜೆ, ತಿಪಟೂರಿನಿಂದ

> ಬಾಶೆಗೆ ಹೊರೆ

ಮೊದಲು 'ಭಾಷೆ' ಎಂದು ಬರೆಯಿರಿ. ಆಮೇಲೆ ಅದರ ಹೊರೆ ಇಳಿಸುವಿರಂತೆ.

—

ಶುಕ್ರವಾರ ರಾತ್ರಿ, ಶಿರಾದಿಂದ

ನಮ್ಮ ಮನೆಯಲ್ಲಿ ಎರಡು ಗಾಡಿ ಇವೆ. ಹುಬ್ಬಳ್ಳಿ, ಪುಣೆ ಲೈನು. ನಾನು ಲೆಕ್ಕ ಬರೆಯುವವನು, ಅಣ್ಣ ಓಡಿಸುವವನು. ಮೇಷ್ಟ್ರೇ, ಸಿಟ್ಟಾಗಬೇಡಿ, ಆದರೆ ಯಾವ ಡ್ರೈವರೂ ಶೆಡ್ಡಿಗೆ ಬಂದು 'ವಾಯುರೋಧ ತಗ್ಗಿಸಿ' ಅನ್ನಲ್ಲ. 'ಹಿಂತಡೆ' ಅಂತಲೂ ಅನ್ನಲ್ಲ. ಪಕ್ಕದ್ದು ಸೈಡ್ ಗಾರ್ಡು, ಹಿಂದಿನದು ಬ್ಯಾಕ್ ಗಾರ್ಡು, ಮುಗೀತು. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಹೋದಾಗ ಗಾರ್ಡ್ ಇದೆಯಾ, ರೇಡಿಯಂ ಅಂಟಿಸಿದೀಯಾ ಅಂತಲೇ ಕೇಳೋದು.

ಆ ರೇಡಿಯಂ ನೋಡಿ. ಹಿಂದೆ ಅಂಟಿಸುವ ಕೆಂಪು ಪಟ್ಟಿಯಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. ಬರೀ ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತೆ, ಅಷ್ಟೆ. ಕತ್ತಲಲ್ಲಿ ಹೊಳೆಯುವ ಗಡಿಯಾರದ ಮುಳ್ಳಿನಿಂದ ಬಂದ ಹೆಸರು ಉಳಿದುಕೊಂಡಿದೆ. ಸ್ಟೆಪ್ನಿಯಂತೂ ವೇಲ್ಸ್‌ನ ಒಂದು ಊರಿನ ಬೀದಿ ಹೆಸರು. ಆ ಬೀದಿಯವರು 1904ರ ಸುಮಾರಿಗೆ ಹೆಚ್ಚುವರಿ ಚಕ್ರ ಮಾರಿದರು, ಇವತ್ತು ನಮ್ಮ ಕ್ಲೀನರ್ ಹುಡುಗನಿಗೂ ಅದು ಮನೆಮಾತು. ಯಾರಾದರೂ 'ಮೀಸಲುಗಾಲಿ' ಅಂದಿದ್ದಾರಾ?

ಅಂದಹಾಗೆ ಕ್ಯಾಬಿನ್ ಮೇಲಿನದಕ್ಕೆ ಅಣ್ಣ 'ಟೋಪಿ' ಅಂತಾನೆ. ಅದನ್ನೇ ಬರೆಸಿ.

—

ಶುಕ್ರವಾರ ರಾತ್ರಿ, ತುಮಕೂರಿನಿಂದ

ಶಿರಾದವರೇ, 'ಇಲ್ಲಿ ಲಾರಿಗಳಿಗೆ ಟೋಪಿ ಹಾಕಲಾಗುತ್ತದೆ' ಅಂತ ಬೋರ್ಡು ಬರೆಸಿದರೆ ಭಾವ ನನ್ನನ್ನು ಮನೆಗೆ ಸೇರಿಸಲ್ಲ.

—

ಶನಿವಾರ ಬೆಳಗ್ಗೆ, ಗುಬ್ಬಿಯಿಂದ

ಡಿಪ್ಲೊಮಾ ಹುಡುಗರಿಗೆ ಇದನ್ನೇ ಪಾಠ ಮಾಡುವವನು ನಾನು. ಪದ ಕಟ್ಟುವವರು ಮೊದಲು ವಸ್ತುವನ್ನು ನೋಡಬೇಕು. 'ಗಾಳಿತಡೆ'ಯಲ್ಲಿ ಎರಡು ತೊಡಕಿದೆ. ಒಂದು ವ್ಯಾಕರಣದ್ದು, ಗಾಳಿಯ ತಡೆಯೋ ಗಾಳಿಗೆ ತಡೆಯೋ? ಲಾರಿಯನ್ನು ಗಾಳಿ ತಡೆಯುವುದೂ ಗಾಳಿತಡೆ, ಗಾಳಿಯನ್ನು ತಡೆಯುವ ಹಲಗೆಯೂ ಗಾಳಿತಡೆ. 'ನಮ್ಮಲ್ಲಿ ಗಾಳಿತಡೆ ಕೂರಿಸುತ್ತೇವೆ' ಅಂದರೆ ರೋಗವನ್ನೇ ಮಾರಿದ ಹಾಗಾಗುತ್ತದೆ.

ಎರಡನೆಯದು ಹೆಚ್ಚಿನದು. ತಡೆ ಎಂದ ಕೂಡಲೇ ಮನಸ್ಸು ಲಾರಿಯ ಮೂತಿಗೆ ಹೋಗುತ್ತದೆ. ಮೂತಿ ಅರ್ಧ ಕಥೆ ಮಾತ್ರ. ಕ್ಯಾತ್ಸಂದ್ರ ಟೋಲ್ ದಾಟಿ ವೇಗ ಹಿಡಿದ ಕಂಟೇನರ್ ಗಾಡಿಯ ಬೆನ್ನು ನೋಡಿ. ದೂಳು, ತರಗೆಲೆ, ಪೇಪರ್ ಲೋಟ ಸ್ವಲ್ಪ ದೂರ ಅದರ ಹಿಂದೆಯೇ ಓಡುತ್ತವೆ, ಕೆಲವು ಬಾಗಿಲಿಗೆ ಅಂಟಿಕೊಳ್ಳಲು ಹೋಗುತ್ತವೆ. ಚಪ್ಪಟೆ ಬೆನ್ನಿನ ಹಿಂದೆ ಗಾಳಿ ಕೂಡಿಕೊಳ್ಳಲಾರದೆ ಸುಳಿ ಏಳುತ್ತದೆ, ಅಲ್ಲಿ ಒತ್ತಡ ಕಡಿಮೆ, ಆ ಕಡಿಮೆ ಒತ್ತಡ ಲಾರಿಯನ್ನು ಹಿಂದಕ್ಕೆ ಜಗ್ಗುತ್ತದೆ. ಅದಕ್ಕೇ ಹೊರದೇಶಗಳಲ್ಲಿ ಟ್ರೈಲರ್ ಬೆನ್ನಿಗೆ ಒಳಮುಖವಾಗಿ ಬಾಗಿದ, ಮಡಚುವ ಹಲಗೆಗಳನ್ನು ಕಟ್ಟುತ್ತಾರೆ, ದೋಣಿಯ ಹಿಂಭಾಗ ಕಿರಿದಾದ ಹಾಗೆ. ಮುಂದಿನಿಂದ ದೂಡುವುದು, ಹಿಂದಿನಿಂದ ಸೆಳೆಯುವುದು, ಎರಡೂ ಸೇರಿ ಡ್ರ್ಯಾಗ್. ನಾನು ತರಗತಿಯಲ್ಲಿ 'ಗಾಳಿಸೆಳೆತ' ಅನ್ನುತ್ತೇನೆ. ಹೊಳೆಯ ಸೆಳೆತ ಕಂಡ ಹುಡುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೆಳೆತವನ್ನು ಮೈಯಲ್ಲಿ ಅರಿತವರಿಂದಲೇ ಈ ವಿದ್ಯೆ ಬೆಳೆದದ್ದು. ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರದಲ್ಲಿ ಎಡ್ವಿನ್ ಸಾಲ್ಟ್ಸ್‌ಮನ್ ಎಂಬ ಎಂಜಿನಿಯರ್ ಇದ್ದರು. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ ಪಕ್ಕದಲ್ಲಿ ಲಾರಿ ದಾಟಿದರೆ ಮೊದಲು ಹೊರಕ್ಕೆ ದೂಡಿ ಆಮೇಲೆ ಒಳಕ್ಕೆ ಎಳೆಯುತ್ತಿತ್ತು. ಶಿರಾ ರೋಡಿನಲ್ಲಿ ಟಿವಿಎಸ್ ಓಡಿಸಿದ ನಮಗೆಲ್ಲ ಗೊತ್ತಿರುವುದೇ. ನಾವು ಬೈದುಕೊಂಡು ಮುಂದೆ ಹೋದೆವು, ಅವರು ಲೆಕ್ಕ ಹಾಕಿದರು. 1973ರಲ್ಲಿ ಅವರ ತಂಡ ಒಂದು ವ್ಯಾನಿಗೆ ಅಲ್ಯೂಮಿನಿಯಂ ತಗಡು ಹೊಡೆದು ಬೆಂಕಿಪೊಟ್ಟಣದಂತೆ ಚೌಕ ಮಾಡಿ ಓಡಿಸಿತು. ಆಮೇಲೆ ಮುಂದಿನ ಮೂಲೆ, ಅಂಚುಗಳನ್ನು ದುಂಡಗೆ ಮಾಡಿ ಓಡಿಸಿದರೆ ಸೆಳೆತ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಕರಪತ್ರದಲ್ಲಿ ಇದನ್ನೂ ಸೇರಿಸಿ: ವೇಗ ಎರಡರಷ್ಟಾದರೆ ಸೆಳೆತ ನಾಲ್ಕರಷ್ಟು. ಊರೊಳಗೆ 30ರಲ್ಲಿ ತೆವಳುವ ಜಲ್ಲಿ ಟಿಪ್ಪರ್‌ಗೆ ಇವೆಲ್ಲ ದಂಡ. ಪುಣೆ ಲೈನಿನ ಗಾಡಿಗೆ ಹೇಳಿ.

—

ಶನಿವಾರ, ಚಿಂತಾಮಣಿಯಿಂದ

ಗುಬ್ಬಿಯವರು ಹೇಳಿದ್ದು ಚೆನ್ನಾಗಿದೆ. ಹಿಂದಿನ ಪಟ್ಟಿಯ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅನುವಾದ ಮಾಡುವವಳು ನಾನು. ರಸ್ತೆ ಸುರಕ್ಷತೆಯ ಕೈಪಿಡಿಯೊಂದರಲ್ಲಿ ಇದೇ ಪದಕ್ಕೆ ತಿಣುಕಾಡಿದ್ದೆ.

ಅಮೆರಿಕದಲ್ಲಿ ಇದಕ್ಕೆ 'ಮ್ಯಾನ್ಸ್‌ಫೀಲ್ಡ್ ಬಾರ್' ಎನ್ನುತ್ತಾರೆ. ಜೇನ್ ಮ್ಯಾನ್ಸ್‌ಫೀಲ್ಡ್ ಎಂಬ ನಟಿ 1967ರಲ್ಲಿ ತೀರಿಕೊಂಡದ್ದು ಕಾರು ಟ್ರೈಲರ್ ಅಡಿಗೆ ನುಗ್ಗಿ. ಗಾರ್ಡ್ ಇರಬೇಕೆಂಬ ನಿಯಮ ಅಲ್ಲಿ 1953ರಲ್ಲೇ ಇತ್ತು. ಆದರೆ ನೆಲದಿಂದ 30 ಇಂಚು ಎತ್ತರದಲ್ಲಿದ್ದರೂ ಸಾಕಾಗಿತ್ತು, ಕಾರಿನ ಬಾನೆಟ್ ಆರಾಮಾಗಿ ತೂರುವಷ್ಟು. ಅದು 22 ಇಂಚಿಗೆ ಇಳಿದದ್ದು 1998ರಲ್ಲಿ. ನಮ್ಮಲ್ಲೂ ಹಿಂದಿನದಕ್ಕೆ ಐಎಸ್ 14812, ಪಕ್ಕದ್ದಕ್ಕೆ ಐಎಸ್ 14682 ಎಂಬ ಮಾನಕಗಳಿವೆ.

'ಹಿಂತಡೆ' ಎಂದರೆ ಲಾರಿ ಹಿಂದಕ್ಕೆ ಹೋಗದಂತೆ ಚಕ್ರಕ್ಕೆ ಕೊಡುವ ಕಲ್ಲು ನೆನಪಾಗುತ್ತದೆ. ನಾನು 'ನುಸುಳುತಡೆ' ಎಂದು ಬರೆದೆ. ಎತ್ತರ ಸರಿಯಿಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ ಎನ್ನುವುದು ಪದದಲ್ಲೇ ಇರಲಿ ಎಂದು.

ಇನ್ನೊಂದು ಮಾತು ಶೆಡ್ಡಿನವರಿಗೆ. ಸೆರಗೂ ಸೈಡ್ ಗಾರ್ಡೂ ಒಂದೇ ಜಾಗದಲ್ಲಿದ್ದರೂ ಒಂದೇ ಅಲ್ಲ. ಗಾರ್ಡು ಬೈಕಿನಿಂದ ಬಿದ್ದವರು ಹಿಂದಿನ ಚಕ್ರಕ್ಕೆ ಸಿಗದಂತೆ ತಡೆಯಬೇಕು, ಅದಕ್ಕೆ ಗಟ್ಟಿ ಕಂಬಿ ಬೇಕು. ಗಾಳಿಗಾಗಿ ಇಳಿಬಿಟ್ಟ ತೆಳು ತಗಡು ಆ ಕೆಲಸ ಮಾಡುವುದಿಲ್ಲ. ಎರಡಕ್ಕೂ ಒಂದೇ ಹೆಸರು ಬರೆಸಿದರೆ ಗಿರಾಕಿ ತಗಡು ಹಾಕಿಸಿಕೊಂಡು ಗಾರ್ಡ್ ಹಾಕಿಸಿದೆ ಎಂದುಕೊಳ್ಳುತ್ತಾನೆ.

—

ಶನಿವಾರ ರಾತ್ರಿ, ಬೆಂಗಳೂರಿನಿಂದ

ನುಸುಳುತಡೆ ಒಪ್ಪಿದೆ. 'ಮಾನಕ' ಒಪ್ಪಲಿಲ್ಲ.

—

ಶನಿವಾರ ರಾತ್ರಿ, ಶಿರಾದಿಂದ

ಬೆಂಗಳೂರಿನವರೇ, ನೀವು ಕೂತ ಕುರ್ಚಿ ಅರಬ್ಬೀದು, ಮೇಜು ಪಾರಸೀದು. ಎರಡೂ ವಾಪಸ್ ಕೊಟ್ಟು ನೆಲದ ಮೇಲೆ ಕೂತು ಬರೆಯಿರಿ. ಚಿಂತಾಮಣಿ ಅಮ್ಮನವರು ಹೇಳಿದ ತಗಡಿನ ಮಾತು ಮಾತ್ರ ನಿಜ. ಹೋದ ವರ್ಷ ಅಣ್ಣ ಬೇರೊಂದು ಕಡೆ ಹಾಕಿಸಿದ ಸೈಡ್ ಪಟ್ಟಿ ಒಬ್ಬ ಕ್ಲೀನರ್ ಒರಗಿದ್ದಕ್ಕೇ ಬಾಗಿತು.

—

ಭಾನುವಾರ, ತಿಪಟೂರಿನಿಂದ

ಡಿಫ್ಲೆಕ್ಟರ್ ಅನ್ನು ಎಲ್ಲರೂ ಮರೆತಿರಿ. 'ಗಾಳಿಮರೆ' ಎನ್ನಬಹುದು. ದೀಪಕ್ಕೆ ಕೈ ಮರೆ ಮಾಡುತ್ತೇವೆ, ಒಲೆಗೆ ಗಾಳಿ ಹೊಡೆಯದಂತೆ ತಡಿಕೆ ಮರೆ ಮಾಡುತ್ತೇವೆ. ಇದು ಬಾಡಿಗೆ ಮರೆ. ಇಲ್ಲಿಯೂ ಶಕಟರೇಫವೇ, ಮಱೆ. ಬೋರ್ಡಿನಲ್ಲಿ ಹೇಗೂ ಬರೆಯಲಾರಿರಿ, ತಿಳಿದಿರಲಿ ಎಂದು ಹೇಳಿದೆ.

ಗುಬ್ಬಿಯವರ 'ಗಾಳಿಸೆಳೆತ'ದ ಮುಂದೆ ನನ್ನ 'ಗಾಳಿತಡೆ' ನಿಲ್ಲುವುದಿಲ್ಲ. ಹಿಂತೆಗೆದುಕೊಂಡಿದ್ದೇನೆ. ಸಿಱಗನ್ನು ಹಿಂತೆಗೆದುಕೊಂಡಿಲ್ಲ.

—

ಸೋಮವಾರ ಸಂಜೆ, ತುಮಕೂರಿನಿಂದ

ಎಲ್ಲರಿಗೂ ಋಣಿ. ಕರಪತ್ರದಲ್ಲಿ ಗಾಳಿಸೆಳೆತ, ಗಾಳಿಮರೆ, ನುಸುಳುತಡೆ ಮೂರೂ ಹೋಗಿವೆ, ಪಕ್ಕದಲ್ಲಿ ಇಂಗ್ಲಿಷ್ ಹೆಸರು ಕನ್ನಡ ಅಕ್ಷರದಲ್ಲಿ. ಬೋರ್ಡಿನ ಕಥೆ ಬೇರೆ. ಜಾಗ ನಾಲ್ಕೇ ಅಡಿ. ಪೇಂಟರ್ ಚೀಟಿ ನೋಡಿ 'ನುಸುಳುತಡೆ ಅಂದರೆ ಇಲಿಗೆ ಹಾಕೋ ಜಾಲರಿನಾ ಸಾರ್' ಅಂದ, ಭಾವ ಅದನ್ನು ಹೊಡೆದುಹಾಕಿದರು. ಚಿಂತಾಮಣಿಯವರು ಎಚ್ಚರಿಸಿದ್ದರಿಂದ ಸೆರಗು, ಗಾರ್ಡು ಬೇರೆ ಬೇರೆ ಸಾಲಿನಲ್ಲಿವೆ. ಕೊನೆಗೆ ಹಳದಿಯ ಮೇಲೆ ಕಪ್ಪಿನಲ್ಲಿ ಬಂದದ್ದು ಇಷ್ಟು:

ಗಾಳಿಮರೆ – ಸೈಡ್ ಸೆರಗು
ಸೈಡ್ ಗಾರ್ಡ್ – ಬ್ಯಾಕ್ ಗಾರ್ಡ್
ಇಲ್ಲಿ ಕೂರಿಸಿ ಕೊಡಲಾಗುವುದು

'ಸೆರಗು' ನೋಡಿ ಹುಡುಗರು ಮತ್ತೆ ನಕ್ಕರು, ಆದರೆ ಲಂಗಕ್ಕೆ ನಕ್ಕಷ್ಟಲ್ಲ.

—

ಸೋಮವಾರ ರಾತ್ರಿ, ತಿಪಟೂರಿನಿಂದ

'ಸೈಡ್ ಸೆರಗು' ಅರಿಸಮಾಸ.

—

ಸೋಮವಾರ ರಾತ್ರಿ, ಗುಬ್ಬಿಯಿಂದ

ಅರಿಸಮಾಸ ಸಂಸ್ಕೃತಕ್ಕೂ ಕನ್ನಡಕ್ಕೂ ತಾನೇ ಮೇಷ್ಟ್ರೇ? ಇಂಗ್ಲಿಷಿಗೂ ಉಂಟೇ?

—

ಸೋಮವಾರ ರಾತ್ರಿ, ತುಮಕೂರಿನಿಂದ

ಪೇಂಟರ್‌ಗೆ ದುಡ್ಡು ಕೊಟ್ಟಾಗಿದೆ.