ಸಮಸ್ಯೆ: "ಸತ್ತ ಬಳಿಕವೆ ಸದನದಲಿ ಮಾತಾಡತೊಡಗಿದನು"

ಷಟ್ಪದಿರಾಯ: ಜೂನ್ 9 ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ತೀರಿಕೊಂಡ ದಿನ. 1952, 1962, 1967ರಲ್ಲಿ ಗೆದ್ದು ಮೂರು ಅವಧಿಗೆ ಶಾಸಕರಾಗಿದ್ದವರು. ಈ ವಾರದ ಸಾಲು ಅವರಿಗೇ. ಇದೇ ಕೊನೆಯ ಸಾಲಾಗುವಂತೆ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಪದ್ಯ ಪೂರೈಸಿ.

ತುಂಗಾತೀರ:
ಉತ್ತ ರೈತಗೆ ಭೂಮಿ ಸಲಲೆಂ
ದೆತ್ತಿ ದನಿಯನು ನಾಡ ಹೆಸರಿಗೆ
ಮತ್ತೆ ಕಾದಿದ ಧೀರ ಫಲಿಸುವ ಮೊದಲೆ ಮಣ್ಣಾದ
ಬಿತ್ತಿದಾ ನುಡಿಯೆರಡು ವರುಷಕೆ
ತೆತ್ತು ಫಲವನು ಕಾಯ್ದೆಯಾಗಲು
ಸತ್ತ ಬಳಿಕವೆ ಸದನದಲಿ ಮಾತಾಡತೊಡಗಿದನು

ಗೌಡರು ಹೋದದ್ದು 1972ರಲ್ಲಿ. 1973ರ ನವೆಂಬರ್ 1ಕ್ಕೆ ಕರ್ನಾಟಕ ಅಂತ ಹೆಸರಾಯಿತು. 1974ರ ಮಾರ್ಚ್‌ನಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು.

ಕಂದಪ್ರಿಯ: 'ಬಿತ್ತಿದಾ'? ಮಾತ್ರೆ ಸಾಲದೆ 'ದ'ವನ್ನ 'ದಾ' ಅಂತ ಎಳೆದಿದ್ದೀರಿ. ಹೋದ ಸಲವೂ ಇದೇ ಕಥೆ.

ತುಂಗಾತೀರ: ಎಳೆದಿಲ್ಲ ಸ್ವಾಮಿ. ಬಿತ್ತಿದ, ಆ ನುಡಿ. ಮೇಲೆ ಹೇಳಿದ ಅದೇ ನುಡಿ. ಬಿಡಿಸಿ ಓದಿ.

ಕಂದಪ್ರಿಯ: ಬಿಡಿಸಿ ಓದಬೇಕಾದರೆ ಕಟ್ಟಿದ್ದು ಯಾಕೆ? 'ಬಿತ್ತಿ ಹೋದುದೆ ಕಡೆಗೆ ಮೊಳೆಯುತ' ಅನ್ನಿ, ಮುಗೀತು.

ತುಂಗಾತೀರ: 'ಕಡೆಗೆ' ಅಂದ್ರೆ ಯಾವಾಗ? ಎರಡೇ ವರ್ಷ ಬದುಕಿದ್ದರೆ ಕಣ್ಣಾರೆ ನೋಡ್ತಿದ್ದರು. ನನ್ನ ಸಂಕಟವೇ ಅದು. ಅದನ್ನ ತೆಗೆದರೆ ಪದ್ಯ ಯಾಕೆ?

ಸಾಗರದವಳು:
ಕುತ್ತು ಬಂದಿತು ಗೇಣಿದಾರಗೆ
ಮೆತ್ತನೆಯ ನುಡಿ ಸಾಲದೆನ್ನುತ
ಸುತ್ತ ಗದ್ದಲವೇಳೆ ನಿಂತನು ತನ್ನ ಜಾಗದಲಿ
ಹತ್ತು ಕಡೆಯಿಂ ಕೂಗು ಕೇಳಿರೆ
ಕಿತ್ತ ತಂತಿಯೊಳಿದ್ದ ಮೈಕದು
ಸತ್ತ ಬಳಿಕವೆ ಸದನದಲಿ ಮಾತಾಡತೊಡಗಿದನು

ಷಟ್ಪದಿರಾಯ: ಭೇಷ್!

ಕಂದಪ್ರಿಯ: ಚೆನ್ನಾಗಿದೆ ಅಕ್ಕ. ತುಂಗಾತೀರ ಅವರೇ, ಇನ್ನೊಂದು. ಭೂಮಿ ಕಾಯ್ದೆ ತಂದದ್ದು ದೇವರಾಜ ಅರಸು. ಅದನ್ನ ಗೌಡರ ಬಾಯಿಗೆ ಹಾಕಿದ್ದು ಜಾಸ್ತಿ ಆಯ್ತು.

ತುಂಗಾತೀರ: ತಂದದ್ದು ಅರಸು, ಒಪ್ಪಿದೆ. ಆದರೆ ಕೇಳಿದವರು ಯಾರು? 1951ರ ಕಾಗೋಡು ಗೇಣಿದಾರರ ಸತ್ಯಾಗ್ರಹದಿಂದ ಕೇಳ್ತಾ ಬಂದವರ ಮಾತು ಕಾಯ್ದೆ ಆದಾಗ, ಸದನದಲ್ಲಿ ಕೇಳಿಸಿದ್ದು ಅವರದೇ ದನಿ.

ಸಾಗರದವಳು: ಕಾಗೋಡಿನಲ್ಲಿ ರೈತರನ್ನ ಸಂಘಟಿಸಿದ ಗಣಪತಿಯಪ್ಪನವರನ್ನೂ ನೆನೀಬೇಕು. ಅಲ್ಲಿ ಜಗಳ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗಕ್ಕೆ. ಒಡೆಯರ ಕೊಳಗ ದೊಡ್ಡದು, ಅದರಲ್ಲಿ ಅಳೆಯಲ್ಲ ಅಂದರು ರೈತರು. ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆದದ್ದು ಆಮೇಲೆ. ಇಬ್ಬರ ಪದ್ಯದಲ್ಲೂ ಕೊಳಗ ಇಲ್ಲ, ನನಗೆ ಅದೇ ಬೇಜಾರು.

ತುಂಗಾತೀರ: ನಾಳೆ ಕೊಳಗಕ್ಕೇ ಒಂದು ಬರೀತೀನಿ ಅಕ್ಕ. ಆದರೆ 'ದಾ' ತೆಗೆಯಲ್ಲ.

ಕಂದಪ್ರಿಯ: ಹಾಗಾದರೆ ನನ್ನ ಆಕ್ಷೇಪವೂ ಇರಲಿ. ಆ ಸಾಲನ್ನ ರಾಗವಾಗಿ ಹಾಡಿ, ಧ್ವನಿ ಕಳಿಸಿ. ಎಲ್ಲಿ ನಿಲ್ಲಿಸ್ತೀರೋ ಕೇಳೋಣ.